ಜ್ಯಾಂಗೊದಲ್ಲಿ ಫಿಲ್ಟರ್ ಮೇಲೆ ಫಿಲ್ಟರೋ, ಒಂದೇ ಫಿಲ್ಟರೋ?

ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊದಲ್ಲಿ ಡೇಟಾಬೇಸಿನಿಂದ ಬೇಕಾದ ಸಾಲುಗಳನ್ನು ಆರಿಸಲು ಷರತ್ತುಗಳನ್ನೆಲ್ಲ ಒಂದೇ ಫಿಲ್ಟರಿನೊಳಗೆ ಅಲ್ಪವಿರಾಮ ಹಾಕಿ ಬರೆಯುವುದೋ, ಫಿಲ್ಟರಿಗೆ ಫಿಲ್ಟರ್ ಪೋಣಿಸುವುದೋ, ಕ್ಯೂ (Q) ಆಬ್ಜೆಕ್ಟುಗಳನ್ನು, ಅಂದರೆ ಷರತ್ತು ಹೊತ್ತ ತುಣುಕುಗಳನ್ನು, ಕೂಡಿಸುವುದೋ, ಯಾವುದು ಬೇಗ ಓಡುತ್ತದೆ ಎಂದು ಕೇಳಿದ್ದೀರಿ.

ಷರತ್ತುಗಳು ಒಂದೇ ಟೇಬಲ್ಲಿನ ಕಾಲಮ್ಮುಗಳ ಮೇಲಿದ್ದರೆ ವೇಗದ ಮಾತೇ ಬೇಡ. ಲೂಪ್ ಹಾಕಿ ಫಲಿತಾಂಶ ಕೇಳುವವರೆಗೆ ಕ್ವೆರಿಸೆಟ್ (ಫಿಲ್ಟರ್ ಕಟ್ಟಿಕೊಡುವ ಪ್ರಶ್ನೆ) ಡೇಟಾಬೇಸಿನ ಕಡೆ ತಲೆಯೂ ಹಾಕುವುದಿಲ್ಲ; ಹತ್ತು ಫಿಲ್ಟರ್ ಪೋಣಿಸಿದರೂ ಹೋಗುವುದು ಒಂದೇ ಕ್ವೆರಿ. ನಂಬಿಕೆ ಬಾರದಿದ್ದರೆ ಕ್ವೆರಿಸೆಟ್ಟಿನ ‘ಕ್ವೆರಿ’ಯನ್ನು ಪ್ರಿಂಟ್ ಮಾಡಿ ಡೇಟಾಬೇಸಿಗೆ ಹೋಗುವ ಎಸ್‌ಕ್ಯೂಎಲ್ ಓದಿ. ಸರ್ಚ್ ಫಾರ್ಮಿನಿಂದ ಷರತ್ತು ಬಂದರೆ ಬಂತು, ಬಾರದಿದ್ದರೆ ಇಲ್ಲ ಎನ್ನುವ ಕಡೆ ನಾನು ಪೋಣಿಸುತ್ತೇನೆ, ಉಳಿದ ಕಡೆ ಅಲ್ಪವಿರಾಮ. ಕ್ಯೂ ಬೇಕಾಗುವುದು ‘ಇದು ಅಥವಾ ಅದು’ ಎನ್ನುವಾಗ. ಎಲ್ಲದಕ್ಕೂ ಕ್ಯೂ ತುರುಕಿದ ಕೋಡ್ ಓದುವುದು ನನಗಂತೂ ಕಿರಿಕಿರಿ.

ಆದರೆ ಸಂಬಂಧ ದಾಟಿ ‘ಹಲವು’ ಇರುವ ಕಡೆಗೆ ಹೋದಿರೋ, ಇವು ಒಂದೇ ಅಲ್ಲ ಮಾರಾಯ್ರೇ. ನಾನು ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವವನು, ಅಲ್ಲಿಂದಲೇ ಹೇಳುತ್ತೇನೆ. ರೈತ ಒಂದು ಟೇಬಲ್, ಲಾಟ್ (ರೈತ ತಂದ ಒಂದೊಂದು ಸರಕು) ಇನ್ನೊಂದು. ಒಬ್ಬ ರೈತನಿಗೆ ಹಲವು ಲಾಟು. ಒಂದೇ ಲಾಟಿನಲ್ಲಿ 10 ಕ್ವಿಂಟಲಿಗಿಂತ ಹೆಚ್ಚು ರಾಶಿ ಇಡಿ (ಅಡಿಕೆಯ ಒಂದು ಬಗೆ) ತಂದವರು ಬೇಕು. ಎರಡೂ ಷರತ್ತು ಒಂದೇ ಫಿಲ್ಟರಿನಲ್ಲಿದ್ದರೆ ಅವು ಒಂದೇ ಲಾಟಿಗೆ ಅನ್ವಯಿಸುತ್ತವೆ. ಪೋಣಿಸಿದರೆ ಲಾಟ್ ಟೇಬಲ್ ರೈತನ ಟೇಬಲ್ಲಿಗೆ ಎರಡು ಸಲ ಜಾಯಿನ್ (ಜೋಡಣೆ) ಆಗುತ್ತದೆ: 2 ಕ್ವಿಂಟಲ್ ರಾಶಿ ಇಡಿ, 15 ಕ್ವಿಂಟಲ್ ಗೊರಬಲು (ಇನ್ನೊಂದು ಬಗೆ) ತಂದವರೂ ಪಟ್ಟಿಯಲ್ಲಿ ಬಂದು ಕೂರುತ್ತಾರೆ. ಅಷ್ಟೇ ಅಲ್ಲ, ರಾಶಿಯ 3 ಲಾಟು, 10 ಕ್ವಿಂಟಲ್ ದಾಟಿದ 2 ಲಾಟು ಇರುವ ರೈತನ ಹೆಸರು 3 × 2, ಅಂದರೆ 6 ಸಲ. ಅದರ ಮೇಲೆ ತೂಕದ ಮೊತ್ತ ಹಾಕಿಸಿದರೆ ಅದೂ ಉಬ್ಬುತ್ತದೆ. ಎರಡು ಕ್ಯೂಗಳನ್ನು ಒಂದೇ ಫಿಲ್ಟರಿನೊಳಗೆ ‘ಮತ್ತು’ ಎಂದು ಕೂಡಿಸಿದರೆ ಅದು ಅಲ್ಪವಿರಾಮದಂತೆಯೇ ನಡೆಯುತ್ತದೆ.

ಎಕ್ಸ್‌ಕ್ಲೂಡ್ (ಷರತ್ತಿಗೆ ಹೊಂದುವವರನ್ನು ಹೊರಗಿಡುವುದು) ಇನ್ನೂ ತರ್ಲೆ. ಒಂದೇ ಎಕ್ಸ್‌ಕ್ಲೂಡಿನಲ್ಲಿ ಎರಡೂ ಷರತ್ತು ಬರೆದರೂ ಅವು ಒಂದೇ ಲಾಟಿನವೇ ಆಗಬೇಕೆಂದಿಲ್ಲ. ಆ ಗೊರಬಲಿನ ರೈತನನ್ನೂ ಸುಮ್ಮನೆ ಹೊರಗೆ ಹಾಕಿಬಿಡುತ್ತದೆ.

ಹಾಗಾಗಿ ‘ಇಂಥ ಲಾಟ್ ಇದೆಯೇ, ಇಲ್ಲವೇ’ ಎಂಬ ಪ್ರಶ್ನೆ ಬಂದಾಗ ನಾನು ಜಾಯಿನ್ ಬಿಟ್ಟು ಎಕ್ಸಿಸ್ಟ್ಸ್ (ಒಳಗಿನ ಕ್ವೆರಿಗೆ ಸಾಲು ಸಿಗುತ್ತದೆಯೇ ಎಂದಷ್ಟೇ ನೋಡುವುದು) ಹಿಡಿಯುತ್ತೇನೆ. ಒಳಗಿನ ಕ್ವೆರಿಯಲ್ಲಿ ಲಾಟಿನ ರೈತನನ್ನು ಔಟರ್‌ರೆಫ್ ಮೂಲಕ ಹೊರಗಿನ ರೈತನಿಗೆ ಕಟ್ಟಿದರಾಯಿತು. ಹೆಸರು ಎರಡೆರಡು ಸಲ ಬರುವ ಕಾಟವಿಲ್ಲ, ಮರುಕಳಿಸಿದ ಸಾಲು ತೆಗೆಯಲು ಹಿಂದೆ ಡಿಸ್ಟಿಂಕ್ಟ್ ಅಂಟಿಸಬೇಕಿಲ್ಲ, ‘ಇಲ್ಲ’ ಎನ್ನಲು ಮುಂದೊಂದು ಟಿಲ್ಡೆ (~) ಸಾಕು. ಜ್ಯಾಂಗೊ 3.0ರಿಂದ ಇದನ್ನು ನೇರವಾಗಿ ಫಿಲ್ಟರಿನೊಳಗೇ ಬರೆಯಬಹುದು. ನಿಮ್ಮದು ಅದಕ್ಕಿಂತ ಹಳೆಯದಾದರೆ ಮೊದಲು ಆನೊಟೇಟ್ ಮಾಡಿ, ಅಂದರೆ ಆ ಉತ್ತರವನ್ನು ಪ್ರತಿ ರೈತನ ಸಾಲಿಗೆ ಸೇರಿಸಿ, ಆಮೇಲೆ ಅದರ ಮೇಲೆ ಫಿಲ್ಟರ್ ಹಾಕಿ.