ಮೊದ್ಲು ಇನ್ವರ್ಟರ್ ಆಫ್ ಮಾಡು, ಆಮೇಲೆ ರಿವ್ಯೂ ಬರಿ

ತಮ್ಮ, ನೈನ್ ಇಂಚ್ ನೇಲ್ಸ್ ಅನ್ನೋ ಇಂಡಸ್ಟ್ರಿಯಲ್ (ಯಂತ್ರದಂಥ ಗದ್ದಲಾನೇ ಹಾಡು ಮಾಡೋ ಸಂಗೀತ) ಬ್ಯಾಂಡಿನ ಡೌನ್‌ವರ್ಡ್ ಸ್ಪೈರಲ್ ಆಲ್ಬಂ ಬಗ್ಗೆ ನೀನು ಬರ್ದಿದ್ದು ಓದ್ದೆ. ಕಡೂರು ಬಸ್ಸಲ್ಲಿ ಶಫಲ್ ಹಾಕ್ಕೊಂಡು ಕೇಳಿ "ಒಂದೇ ಸಮ ಗದ್ದಲ, ರೆಕಾರ್ಡಿಂಗೇ ಸರಿ ಇಲ್ಲ, 10ಕ್ಕೆ 4" ಅಂತ ಬಿಸಾಕಿದ್ದೀಯಲ್ಲೋ. ಬೇಜಾರ್ ಮಾಡ್ಕೋಬೇಡ, ನಾನೂ ಇದೇ ಗುಂಡೀಲಿ ಬಿದ್ದೆದ್ದೋನು.

1994ರ ಆ ಆಲ್ಬಂಗೆ ಶಫಲ್ ಹಾಕೋದೇ ತಪ್ಪು. 9ನೇ ಹಾಡು ಒಂದೂವರೆ ನಿಮಿಷದ ರೇಗಾಟ, ಅದರ ಬೆನ್ನಿಗೇ 10ನೇದು ಹಾಡೋ ದನಿಯೇ ಇಲ್ದೆ ತಣ್ಣಗೆ ಬರುತ್ತೆ, ಆ ರೇಗಾಟ ಕೇಳಿದ್ರೇನೇ ಈ ತಣ್ಣಗಿಂದು ಹಿಡಿಸೋದು. ಅದರಲ್ಲೇ ಕ್ಲೋಸರ್ ಅನ್ನೋ ಹಾಡಿನ ಕೊನೇಲಿ ಪಿಯಾನೋದಲ್ಲಿ ಒಂದು ಪುಟ್ಟ ಟ್ಯೂನ್ ಇದ್ಯಲ್ಲ, ಅದೇ 13ನೇ ಟ್ರ್ಯಾಕಲ್ಲಿ ವಾಪಸ್ ಬರುತ್ತೆ. ನಿನ್ ಫೋನು 13ನೇದನ್ನ ಮೊದ್ಲು ಹಾಕಿದ್ರೆ ಏನ್ ಗೊತ್ತಾಗುತ್ತೆ ಹೇಳು.

ನನ್ ಕಥೆ ಇನ್ನೂ ಕೇವಲ. ಸಕಲೇಶಪುರದಲ್ಲಿ ಅತ್ತೆ ಮನೇಲಿದ್ದೆ, ಜೋರ್ ಮಳೆ, ಕರೆಂಟ್ ಹೋಗಿ ಎರಡು ದಿನ. ಲಸ್ಟ್‌ಮೋರ್ಡ್ ಅನ್ನೋ ಕಲಾವಿದನ ಹೆರೆಸಿ ಆಲ್ಬಂ ಹಾಕ್ಕೊಂಡ್ ಕೂತೆ, ಗುಹೆ ನೆಲಮಾಳಿಗೆ ಅಂತ ಅಲ್ಲಲ್ಲಿ ರೆಕಾರ್ಡ್ ಮಾಡಿರೋ ಸೌಂಡು, ಬೀಟೂ ಇಲ್ಲ ಮಾತೂ ಇಲ್ಲ. "ಉದ್ದಕ್ಕೂ ಅಡಿಯಲ್ಲಿ ಗುಂಯ್ ಅಂತ ಬಿಡದೆ ಹರಿಯೋ ಆ ಡ್ರೋನ್ ಸ್ವರ ಇಡೀ ಆಲ್ಬಂನ ಉಸಿರು" ಅಂತ ಎರಡು ಪ್ಯಾರಾ ಹೊಗಳಿ ಪೋಸ್ಟ್ ಮಾಡ್ದೆ. ಆಮೇಲೆ ಆಲ್ಬಂ ಮುಗೀತು, ಗುಂಯ್ ಮಾತ್ರ ಮುಗೀಲಿಲ್ಲ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಕಣೋ, ಕರೆಂಟನ್ನ ಒರಟಾಗಿ ಕೊಟ್ಟು ಗುಂಯ್ ಅನ್ನಿಸೋದು! ಫ್ಯಾನ್ ಕೂಡ ಅದೇ ಶ್ರುತೀಲಿ ಗೊಣಗ್ತಿತ್ತು. ಅತ್ತೆ ಬಂದು "ಹಾಡು ಯಾವಾಗ ಶುರು ಆಗುತ್ತಪ್ಪ" ಅಂದ್ರು.

ಅವತ್ತಿಂದ ಒಂದೇ ರೂಲು: ಪಾಸ್ ಒತ್ತಿ ಸುಮ್ನೆ ಕೂತ್ಕೋ. ಸೌಂಡ್ ಇನ್ನೂ ಬರ್ತಿದ್ರೆ ಅದು ನಿಮ್ಮನೇದು, ಬ್ಯಾಂಡ್‌ದಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ ನೋಡು, ಬಹಳ ಸಲ ಅಲ್ಲೇ ನಿಲ್ಲುತ್ತೆ. ನುಣುಪಾಗಿ ಕರೆಂಟ್ ಕೊಡೋ ಸೈನ್ ವೇವ್ ಇನ್ವರ್ಟರ್ ಇದ್ರೂ ಅರ್ತಿಂಗ್ ಸರಿ ಇಲ್ದಿದ್ರೆ ಇದೇ ಪಾಡು. ಬ್ಯಾಟರಿ ಮೇಲೆ ವೈರ್ ಹೆಡ್‌ಫೋನಲ್ಲಿ ಕೇಳೋದು ವಾಸಿ. ಸೋನಿ ಎಂಡಿಆರ್-7506 ನನ್ಗೆ ಸಾಕಾಗಿದೆ, ಆ ಸುರುಳಿ ವೈರ್ ಆಗಲ್ಲ ಅನ್ನೋರು ಆಡಿಯೋ-ಟೆಕ್ನಿಕಾ ಎಂ40ಎಕ್ಸ್ ನೋಡಿ. ಎಕ್ಸ್‌ಟ್ರಾ ಬಾಸ್ ಅಂತ ಡಬ್ಬದ ಮೇಲೆ ದಪ್ಪಗೆ ಬರ್ದಿರೋದು ಮಾತ್ರ ತಗೋಬೇಡಿ, ಎಲ್ಲಾ ಆಲ್ಬಮ್ಮೂ ಗಣಪತಿ ವಿಸರ್ಜನೆ ಡಿಜೆ ಥರಾನೇ ಕೇಳುತ್ತೆ.

ಇನ್ನೊಂದು, ಬೇಕೂಂತ್ಲೇ ಒಡೆಸಿರೋ ಸೌಂಡನ್ನ "ಸ್ಪೀಕರ್ ಹರಿದಂಗಿದೆ" ಅಂತ ಮಾರ್ಕ್ ಕಟ್ ಮಾಡ್ಬೇಡ. ಐನ್‌ಸ್ಟುರ್ಜೆಂಡೆ ನಾಯ್‌ಬಾಟನ್ ಅನ್ನೋ ಜರ್ಮನ್ ಬ್ಯಾಂಡಿನೋರು 1981ರ ಕೊಲಾಪ್ಸಲ್ಲಿ ತಗಡು ಕಬ್ಬಿಣ ಬಡ್ದೇ ಆಲ್ಬಂ ಮಾಡಿದ್ದು. ಹಾಗಂತ ಎಲ್ಲಾ ಗದ್ದಲಾನೂ ಕಲೆ ಅಂತಾನೂ ಅಲ್ಲ, ಕೆಲವು ನಿಜವಾಗ್ಲೂ ಕೆಟ್ಟ ಮಾಸ್ಟರಿಂಗೇ, ಅಂದ್ರೆ ಕೊನೇಲಿ ಸೌಂಡ್ ಹದ ಮಾಡಿದ್ದೇ ಸರಿ ಇಲ್ಲ. ಹೆಸರು ನೋಡೂ ಬರೀಬೇಡಿ: ಥ್ರಾಬಿಂಗ್ ಗ್ರಿಸಲ್ ಬ್ಯಾಂಡಿನ 1979ರ "20 ಜಾಝ್ ಫಂಕ್ ಗ್ರೇಟ್ಸ್" ಆಲ್ಬಮ್ಮಲ್ಲಿ 20 ಹಾಡೂ ಇಲ್ಲ, ಜಾಝೂ ಇಲ್ಲ, ಹೋದ್ ತಿಂಗ್ಳು ಇಲ್ಲೇ ಒಬ್ರು ಅದನ್ನ ಜಾಝ್ ಲಿಸ್ಟಿಗೆ ಸೇರಿಸಿದ್ರು. ಫ್ರಂಟ್ 242 ಬ್ಯಾಂಡ್ ಹಾಕಿ "ಡ್ಯಾನ್ಸ್ ಮಾಡೋ ಹಾಗಿದೆ, ಇಂಡಸ್ಟ್ರಿಯಲ್ ಅಲ್ಲ" ಅನ್ನೋರಿಗೆ ಏನ್ ಹೇಳ್ಲಿ, ಇಬಿಎಂ (ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್, ಇಂಡಸ್ಟ್ರಿಯಲ್‌ದೇ ಕುಣಿಸೋ ಕವಲು) ಅಂದ್ರೇನೇ ಅದು.

ನೀನು ಈ ಭಾನುವಾರ ಶಫಲ್ ತೆಗ್ದು ಇನ್ನೊಂದ್ಸಲ ಕೇಳು, ಆ 4 ಅಲ್ಲೀವರೆಗೂ ಹಂಗೇ ಇರ್ಲಿ. ತೋಟದ ಮನೇಲಾದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ನಿಂತ್ಮೇಲೆ.