ಧೈರ್ಯ ಹೇಳಿದರೆ ಸಾಲದು

ಶಿರಸಿಯಿಂದ ಪತ್ರ ಬರೆದ ತಾಯಿಗೆ,

ಕೈಕಾಲು ನಡುಗಿಸುವ ಪಾರ್ಕಿನ್ಸನ್ ಎಂಬ ಮೆದುಳಿನ ಕಾಯಿಲೆ ಬಂದಿರುವ ನಿಮ್ಮ ಮಾವನವರು ಮಾತು ಬಿಟ್ಟಿದ್ದಾರೆ, ಊಟ ಸೇರುವುದಿಲ್ಲ, ಸುಮ್ನೆ ಗೋಡೆ ನೋಡುತ್ತಾ ಕೂರುತ್ತಾರೆ. ‘ಕಾಯಿಲೆಗೆ ಹೆದರಿದ್ದಾರೆ, ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗ್ತಾರೆ ಅಲ್ವಾ?’ ಎಂದು ಕೇಳಿದ್ದೀರಿ. ಅವರನ್ನು ಇಷ್ಟು ಹತ್ತಿರದಿಂದ ಗಮನಿಸಿದ ನೀವೇ ಈ ಮಾತು ಬರೆದದ್ದು ನನಗೆ ಬೇಜಾರಾಯಿತು. ಇದು ಬರೀ ಹೆದರಿಕೆಯಲ್ಲ, ಆ ಕಾಯಿಲೆಯ ಭಾಗವಾಗಿಯೇ ಬರುವ ಖಿನ್ನತೆ ಇರಬಹುದು.

ಕಾಯಿಲೆ ಬಂದರೆ ಯಾರಿಗಾದರೂ ದುಃಖವಾಗುತ್ತದೆ, ನಿಜ. ಆದರೆ ಇದೇ ಪಾರ್ಕಿನ್ಸನ್ ಬಂದಿದ್ದ ನಮ್ಮ ದೊಡ್ಡಪ್ಪನ ಕತೆ ಕೇಳಿ. ಊಟವಾದ ಮೇಲೆ ಅವರು ಅಡಕತ್ತರಿ ಹಿಡಿದು ಕೂತರೆ ಇಡೀ ಜಗಲಿ ನಗುತ್ತಿತ್ತು. ಒಂದು ಮಳೆಗಾಲ ಎಲೆ-ಅಡಿಕೆ ತಟ್ಟೆ ಕೇಳುವುದನ್ನೇ ಬಿಟ್ಟರು. ಕೈ ನಡುಗಿದ್ದು ಅದಾಗಿ ಎರಡು ವರ್ಷಕ್ಕೆ! ಗೊತ್ತೇ ಇಲ್ಲದ ಕಾಯಿಲೆಗೆ ಹೆದರುವುದು ಹೇಗೆ?

ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ ಮತ್ತು ಜೊತೆಗಾರರು 2003ರಲ್ಲಿ ಈ ಕಾಯಿಲೆ ಮೆದುಳಿನಲ್ಲಿ ಹಬ್ಬುವ ದಾರಿ ತೋರಿಸಿದರು. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಗಂಟು ಕಟ್ಟುತ್ತದೆ. ಇದು ಬಹಳ ಜನರಲ್ಲಿ ಮೆದುಳಿನ ಬುಡದಿಂದ ಮೇಲಕ್ಕೆ ಹಬ್ಬುತ್ತದೆ. ಮನಸ್ಸನ್ನು ಹದವಾಗಿಡುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ತಯಾರಾಗುವ ಜಾಗಗಳು ಮೊದಲು ಅದರ ಹಿಡಿತಕ್ಕೆ ಸಿಗುತ್ತವೆ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೋಶಗಳ ಸರದಿ ಆಮೇಲೆ. ಡೋಪಮಿನ್ ಕೂಡ ಬರೀ ಕೈಕಾಲಿನದ್ದಲ್ಲ, ಏನಾದರೂ ‘ಬೇಕು’ ಅನ್ನಿಸುವುದಕ್ಕೂ ಅದು ಬೇಕು.

1999ರಲ್ಲಿ ಪ್ಯಾರಿಸ್ ವೈದ್ಯರು ವರದಿ ಮಾಡಿದ ಒಂದು ಘಟನೆಯನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಪಾರ್ಕಿನ್ಸನ್ ಇದ್ದ 65ರ ಹೆಂಗಸು, ಹಿಂದೆ ಖಿನ್ನತೆ ಇರಲಿಲ್ಲ. ಚಿಕಿತ್ಸೆಗೆಂದು ಮೆದುಳಿಗೆ ಹಾಕಿದ ತಂತಿಯ ಒಂದು ತುದಿಯಲ್ಲಿ ವಿದ್ಯುತ್ ಹರಿಸಿದ್ದೇ ತಡ, ಆಕೆ ಅತ್ತು, ಬದುಕುವುದೇ ಬೇಡ ಎಂದರು. ನಿಲ್ಲಿಸಿದ ಮೇಲೆ 90 ಸೆಕೆಂಡಿನೊಳಗೆ ಎಲ್ಲ ಮಾಯ. ಆಕೆಗೆ ಧೈರ್ಯ ಕಡಿಮೆಯಿತ್ತು ಅನ್ನೋಣವೇ?

ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ‘ನಡುಗುವ ಪಾರ್ಶ್ವವಾಯು’ ಎಂದು ಕರೆದರು. ನಮ್ಮ ಕಣ್ಣು ಇವತ್ತಿಗೂ ಆ ನಡುಕದ ಮೇಲೇ ಇದೆ. ದೊಡ್ಡಪ್ಪನನ್ನು ತೋರಿಸಿದ ಕಡೆ ಕೈ ಚಾಚಿಸಿದರು, ಬೆರಳು ತಟ್ಟಿಸಿದರು, ನಡೆಸಿದರು. ನಿದ್ದೆ ಬರುತ್ತಾ, ಮನಸ್ಸು ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಸಕ್ಕರೆ ಕಾಯಿಲೆಯನ್ನು ಮದುವೆ ಮನೆಯಲ್ಲೂ ಹೇಳಿಕೊಳ್ಳುವ ನಮಗೆ ಖಿನ್ನತೆಯ ಮಾತ್ರೆ ಮಾತ್ರ ಬಚ್ಚಿಡಬೇಕು. ಇದು ನನಗೆ ಸಹಿಸಲಾಗದ ಸಂಗತಿ.

ಈ ಖಿನ್ನತೆಗೆ ಮದ್ದಿದೆ, ತಾಯಿ. ಕೆಲವರಿಗೆ ಡೋಪಮಿನ್ ಕೊರತೆ ತುಂಬುವ ಮಾತ್ರೆಯ ಹೊತ್ತು, ಪ್ರಮಾಣ ಸರಿಮಾಡಿದರೇ ಗೆಲುವಾಗುತ್ತದೆ, ಕೆಲವರಿಗೆ ಖಿನ್ನತೆಯ ಔಷಧಿ ಬೇಕು. ನೀವಾಗಿಯೇ ಏನೂ ಬದಲಿಸಬೇಡಿ. ನರರೋಗ ತಜ್ಞರ ಬಳಿ ಹೋಗುವಾಗ ಒಂದು ಚೀಟಿ ಒಯ್ಯಿರಿ. ಮಾವ ಮಾತು ಬಿಟ್ಟದ್ದು ಯಾವಾಗ, ಮಾತ್ರೆ ತಗೊಂಡ ಎಷ್ಟು ಹೊತ್ತಿಗೆ ಜಾಸ್ತಿ ಮಂಕಾಗುತ್ತಾರೆ, ಎಲ್ಲ ಬರೆಯಿರಿ. ಸಾಯುವ ಮಾತೇನಾದರೂ ಆಡಿದರೆ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.

– ಸಂಪಾದಕ