ಸಾರಿನಲ್ಲಿ ಬೆರೆಸುವ ಮಾತ್ರೆ ಕೇಳಿಕೊಂಡು ಬಂದವರು

ಗಂಡನಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಮಾತ್ರೆ ಯಾವುದು ಎಂದು ಕೇಳಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಕಡಿಮೆಯಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತಿನ ವಿವರ ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬಾಕೆ ಟೈಲರಿಂಗ್ ಮಾಡುವವರು, ಗಂಡ ಲಾರಿ ಡ್ರೈವರ್. "ಸಾರಲ್ಲಿ ಹಾಕಿಬಿಡ್ತೀನಿ ಮೇಡಂ, ಹೆಸರು ಹೇಳಿ ಸಾಕು" ಅಂದರು. ಹೇಳಲಿಲ್ಲ. ಆಕೆ ಕೇಳುತ್ತಿದ್ದದ್ದು ಡೈಸಲ್ಫಿರಾಂ. ಅದನ್ನು ತಿಂದವರು ಮದ್ಯ ಮುಟ್ಟಿದರೆ ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿದು ಪ್ರಾಣವೂ ಹೋಗಬಹುದು. ಗೊತ್ತಿದ್ದು, ಒಪ್ಪಿ ತಿನ್ನಬೇಕಾದ ಮಾತ್ರೆ ಅದು. ಯಜಮಾನರನ್ನೇ ಕರೆದುಕೊಂಡು ಬನ್ನಿ ಅಂದೆ.

ಬಂದವರು ತಲೆ ತಗ್ಗಿಸಿ ಕೂತರು. ಆಕೆಯೇ ಶುರು ಮಾಡಿದರು. "ಮನೆದೇವರ ಮುಂದೆ ಆಣೆ ಮಾಡಿದ್ರು. ಎರಡು ದಿನಾನೂ ನಿಲ್ಲಲಿಲ್ಲ."

ಆಣೆ ಮುರಿದ ಬೆಳಿಗ್ಗೆ ಏನಾಗಿತ್ತು ಎಂದು ಯಜಮಾನರನ್ನೇ ಕೇಳಿದೆ.

"ಕೈ ನಡುಗ್ತಿತ್ತು ಮೇಡಂ. ಲೋಟ ಹಿಡಿಯೋಕಾಗ್ತಿರಲಿಲ್ಲ. ಹಿಂದೊಂದ್ಸಲ ಹೀಗೇ ಬಿಟ್ಟಾಗ ಫಿಟ್ಸ್ ಬಂದು ಬಿದ್ದಿದ್ದೆ. ಆ ಭಯಕ್ಕೇ ತೊಂಬತ್ತು ಹಾಕ್ಕೊಂಡೆ."

ಫಿಟ್ಸ್ ಬಂದದ್ದು ಹೆಂಡತಿಗೆ ಗೊತ್ತೇ ಇರಲಿಲ್ಲ. ಆಕೆ ಸುಮ್ಮನಾದರು.

ನಾನು ಮಾತು ಅಲ್ಲಿಗೇ ನಿಲ್ಲಿಸಿ, ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ. ಲಾರಿ ಹತ್ತಬೇಡಿ, ಆದರೆ ಡಾಕ್ಟರ್ ನೋಡುವ ತನಕ ಒಮ್ಮೆಲೇ ಬಿಡಲೂ ಬೇಡಿ ಅಂದೆ. "ನೀವೇ ಹೀಗೆ ಹೇಳೋದಾ?" ಎಂದು ಆಕೆ ಸಿಟ್ಟಾದರು. ಸಲಹೆಗೆ ಬಂದವರನ್ನು ಸಾಗಹಾಕಿದೆ ಎಂದವರೂ ಇದ್ದಾರೆ. ಇವತ್ತೂ ನಾನು ಹಾಗೇ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. ಆಮೇಲೆ ಬುದ್ಧಿ ಕಲಸಿ, ಇಲ್ಲದ್ದೆಲ್ಲ ಕಾಣಬಹುದು. ಹಿಂದೆ ಒಮ್ಮೆ ಫಿಟ್ಸ್ ಬಂದವರಿಗೆ ಅಪಾಯ ಇನ್ನೂ ಜಾಸ್ತಿ. ಇದನ್ನು ಮಾತಿನಿಂದ ತಡೆಯಲು ಯಾರಿಂದಲೂ ಆಗುವುದಿಲ್ಲ.

"ಹುಚ್ಚರ ಡಾಕ್ಟರ ಹತ್ರ ಯಾಕೆ?" ಎಂದು ಯಜಮಾನರು ಕೇಳಿದರು. ಚಟ ಬಿಡಿಸುವ ಚಿಕಿತ್ಸೆ ಮನೋವೈದ್ಯರದೇ ಕೆಲಸ. ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಇವರನ್ನು ಅಡ್ಮಿಟ್ ಮಾಡಿಕೊಂಡರು. ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಬಂದರು, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ಲಿವರ್ ಪರೀಕ್ಷೆ ನೋಡಿ, ಕುಡಿಯುವ ಆಸೆ ತಗ್ಗಿಸುವ ಮಾತ್ರೆ ಬರೆದರು. ನನ್ನ ಕೆಲಸ ಶುರುವಾದದ್ದು ಆಮೇಲೆ.

ಕೆಲವು ತಿಂಗಳ ನಂತರ ಒಂದು ಮದುವೆಯಲ್ಲಿ ಮತ್ತೆ ಕುಡಿದರು. "ದುಡ್ಡೆಲ್ಲ ದಂಡ ಆಯ್ತು" ಎಂದು ಆಕೆ ಅತ್ತರು. ದಂಡ ಆಗಿಲ್ಲ, ಇಂಥದ್ದು ಆಗುತ್ತದೆ, ನಾಳೆಯೇ ಅದೇ ಡಾಕ್ಟರ ಹತ್ತಿರ ಹೋಗಿ, ಎಷ್ಟು ಕುಡಿದರೆಂದು ಮುಚ್ಚಿಡದೆ ಹೇಳಿ ಅಂದೆ. ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕಾಸು ಬೀಳುವುದಿಲ್ಲ ಅಂದೆ. ಇಬ್ಬರೂ ಹೋದರು. ಈ ಸಲ ಫಿಟ್ಸ್ ವಿಷಯವನ್ನು ಆಕೆಯೇ ಮೊದಲು ಹೇಳಿದರಂತೆ.